ಉದ್ರಿಯ ಮೇಲೆ ಒಲೆ ಉರಿಯೋದಿಲ್ಲ: ಸರ್ಕಾರಕ್ಕೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಎಲ್ಲ ಜಿಲ್ಲಾ ಪಂಚಾಯಿತಿಗಳ ಸಿಇಒಗಳಿಗೆ,

ನಮಸ್ಕಾರ.

ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹದಿನಾಲ್ಕು ಹೆಂಗಸರು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡುತ್ತಾರೆ. ಅವರ ಲೆಕ್ಕ ಬರೆಯೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಈ ಹನ್ನೊಂದು ವರ್ಷದಲ್ಲಿ ನಮ್ಮ ಸುತ್ತಮುತ್ತ ಇಂಥ ಎಷ್ಟೋ ಕೇಂದ್ರಗಳು ಶುರುವಾದವು. ಟೇಪು ಕತ್ತರಿಸಿದ್ದನ್ನು ನೋಡಿದ್ದೇನೆ, ಮರುದಿನ ಪೇಪರಿನಲ್ಲಿ ಫೋಟೋ ಬಂದದ್ದನ್ನು ನೋಡಿದ್ದೇನೆ. ಎರಡು ಮೂರು ವರ್ಷದಲ್ಲಿ ಅದೇ ಬಾಗಿಲಿಗೆ ಬೀಗ ಬಿದ್ದದ್ದನ್ನೂ ನೋಡಿದ್ದೇನೆ. ಬೀಗ ಬಿದ್ದ ದಿನ ಯಾರೂ ಬರುವುದಿಲ್ಲ.

ನಿಮ್ಮ ಕಾಗದಪತ್ರಗಳಲ್ಲಿ ನಮ್ಮಂಥವರಿಗೆ ಸಾಮಾಜಿಕ ಉದ್ಯಮ ಅಂತ ಹೆಸರು. ನಾವು ಅದನ್ನು ಕೇಂದ್ರ ಅಂತೀವಿ, ಸಂಘ ಅಂತೀವಿ. ಹೆಸರು ಏನೇ ಇರಲಿ, ವಿಷಯ ಇಷ್ಟೇ: ವ್ಯಾಪಾರ ಮಾಡಬೇಕು, ಉಳಿಸಬೇಕು, ಆದರೆ ಉಳಿದದ್ದು ಯಾರೋ ಒಬ್ಬ ಸಾಹುಕಾರನ ಜೇಬಿಗೆ ಹೋಗಬಾರದು. ಇಂಥದ್ದು ಬಹಳ ಕಾಲ ಬಾಳಬೇಕಾದರೆ ಏನು ಬೇಕು ಅಂತ ಸಭೆಗಳಲ್ಲಿ ಪದೇ ಪದೇ ಕೇಳುತ್ತಾರೆ. ತರಬೇತಿ ಬೇಕು, ಬ್ರ್ಯಾಂಡಿಂಗ್ ಬೇಕು, ಆನ್‌ಲೈನ್ ಮಾರಾಟ ಬೇಕು ಅಂತ ಉತ್ತರವೂ ಅಲ್ಲೇ ಸಿಗುತ್ತದೆ. ಅವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಬಿಳಿಜೋಳ ನಮ್ಮ ಕಡೆ ಹಿಂಗಾರಿ ಬೆಳೆ. ಶಿವರಾತ್ರಿ ಹೊತ್ತಿಗೆ ಹೊಸ ಜೋಳ ಕಣದಿಂದ ಮನೆಗೆ ಬರುತ್ತದೆ. ಆಗ ರೇಟು ಕಡಿಮೆ. ಕೈಯಲ್ಲಿ ರೊಕ್ಕ ಇದ್ದವರು ಆಗಲೇ ವರ್ಷದ ಜೋಳ ಕೊಂಡು ಇಟ್ಟುಕೊಳ್ಳುತ್ತಾರೆ. ಮಳೆಗಾಲ ಬಂದ ಮೇಲೆ ರೇಟು ಏರುತ್ತದೆ. ನಮಗೆ ವರ್ಷಕ್ಕೆ ಹತ್ತಿರ ಹತ್ತಿರ 200 ಕ್ವಿಂಟಲ್ ಜೋಳ ಬೇಕು. ಕಡೇ ಪಕ್ಷ ಅರ್ಧದಷ್ಟು ಶಿವರಾತ್ರಿಗೆ ಕೊಂಡುಬಿಟ್ಟರೆ ಆ ವರ್ಷ ನಾವು ಗೆದ್ದ ಹಾಗೆ.

ಕೆಲವು ವರ್ಷದ ಹಿಂದೆ ಒಂದು ಸರ್ಕಾರಿ ಕಚೇರಿಯವರು ಹಾಸ್ಟೆಲ್‌ಗಳಿಗೆ ರೊಟ್ಟಿ ಕೊಡಿ ಅಂದರು. ನಮಗೆ ಖುಷಿಯೋ ಖುಷಿ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ತಪ್ಪದೆ ಕೊಟ್ಟೆವು. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿ, ಹತ್ತಕ್ಕೆ ಡಬ್ಬಿ ಕಟ್ಟಿ ಗಾಡಿಗೆ ಹಾಕುತ್ತಿದ್ದರು. ಡಿಸೆಂಬರ್ ಕೊನೆಗೆ ಬರಬೇಕಾದ ಬಾಕಿ 3 ಲಕ್ಷ 40 ಸಾವಿರ. ಜನವರಿಯಲ್ಲಿ ಕೇಳಿದೆ, ಫೈಲು ಮೇಲೆ ಹೋಗಿದೆ ಅಂದರು. ಫೆಬ್ರವರಿಯಲ್ಲಿ ಒಂದು ಸಹಿ ಬಾಕಿ ಇತ್ತು. ಮಾರ್ಚ್ ಎಂಡಿನ ಗಡಿಬಿಡಿಯಲ್ಲಿ ನಮ್ಮ ಬಿಲ್ಲು ಹಿಂದೆ ಬಿತ್ತು. ಏಪ್ರಿಲ್‌ನಲ್ಲಿ ಹೋದರೆ, ಹಳೆ ವರ್ಷದ ಅನುದಾನ ಮುಗೀತು, ಹೊಸ ಕ್ರಿಯಾ ಯೋಜನೆಗೆ ಮಂಜೂರಾತಿ ಸಿಗಲಿ, ಆಮೇಲೆ ನೋಡೋಣ ಅಂದರು. ರೊಕ್ಕ ಬಂದದ್ದು ನಾಗರ ಪಂಚಮಿಗೆ. ಎಂಟು ತಿಂಗಳಾಗಿತ್ತು.

ಒಂದು ಮಾತು ಹೇಳಲೇಬೇಕು. ಆ ಕಚೇರಿಯಲ್ಲಿ ನಮ್ಮ ಹತ್ತಿರ ಯಾರೂ ಲಂಚ ಕೇಳಲಿಲ್ಲ, ಯಾರೂ ಗದರಲಿಲ್ಲ. ಕೂರಿಸಿ ಚಹಾ ಕೊಟ್ಟು ಕಳಿಸಿದರು. ಯಾರೋ ಒಬ್ಬರ ಕೆಟ್ಟತನದಿಂದ ಆದದ್ದಲ್ಲ ಇದು. ಹಾಗಾಗಿಯೇ ನನಗೆ ಹೆಚ್ಚು ಚಿಂತೆ.

ಆ ಎಂಟು ತಿಂಗಳಲ್ಲಿ ಏನಾಯಿತು ಕೇಳಿ. ಶಿವರಾತ್ರಿಗೆ 100 ಕ್ವಿಂಟಲ್ ಜೋಳ ಕೊಳ್ಳಲು ಆಗಲಿಲ್ಲ. ಮುಂದೆ ನಾಲ್ಕು ಚೀಲ, ಐದು ಚೀಲ ಅಂತ ಅಂಗಡಿಯಿಂದ ಉದ್ರಿ ತಂದೆವು. ಲೆಕ್ಕ ಹಾಕಿ ನೋಡಿದರೆ ಕ್ವಿಂಟಲ್ಲಿಗೆ ಸುಮಾರು 900 ರೂಪಾಯಿ ಜಾಸ್ತಿ ಕೊಟ್ಟಿದ್ದೆವು. 100 ಕ್ವಿಂಟಲ್ಲಿಗೆ 90 ಸಾವಿರ. ಹಿಂದಿನ ವರ್ಷ ನಮ್ಮ ಇಡೀ ಕೇಂದ್ರದ ಉಳಿಕೆಯೇ ಅಷ್ಟಿತ್ತು! ನಮ್ಮ ರೊಟ್ಟಿ ಚೆನ್ನಾಗಿಯೇ ಇತ್ತು, ಮಾರಾಟವೂ ಆಗಿತ್ತು, ಕೊಂಡವರು ಕೊನೆಗೆ ಪೂರ್ತಿ ಹಣವನ್ನೂ ಕೊಟ್ಟರು. ಆದರೂ ಆ ವರ್ಷ ಉಳಿಕೆ ಸೊನ್ನೆ.

ಜೋಳದ ಲೆಕ್ಕವನ್ನಾದರೂ ಬರೆಯಬಹುದು. ಉಳಿದದ್ದನ್ನು ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ. ಆ ಬೇಸಿಗೆಯಲ್ಲಿ ಮೂರು ತಿಂಗಳು ಬಟವಾಡೆ ಆಗಲಿಲ್ಲ. ರೊಟ್ಟಿ ಬಡಿಯೋದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ ಗಂಡನ ಜೊತೆ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದಳು. ತಿರುಗಿ ಬರಲಿಲ್ಲ. ಇನ್ನೊಬ್ಬರು ಮಗಳ ಕಾಲೇಜು ಫೀಸಿಗೆ ವಾರದ ಕಂತಿನ ಸಾಲ ತೆಗೆದರು. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು ನೀವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿರಿ. ಬಹಳ ಒಳ್ಳೆಯ ಕೆಲಸ, ಮನಸ್ಸಿನಿಂದ ಹೇಳುತ್ತೇನೆ. ಆದರೆ ಆ ತಾಯಿ ಅಂಥ ಸಾಲದ ಬಾಗಿಲಿಗೆ ಹೋದದ್ದು ಯಾಕೆ ಅಂತ ಒಂದು ಸಲ ಯೋಚಿಸಿ. ಅವರು ದುಡಿದ ಕೂಲಿ ಒಂದು ಟೇಬಲ್ ಮೇಲೆ ಫೈಲಿನಲ್ಲಿ ಕೂತಿತ್ತು.

ಇದಕ್ಕೆ ಕಾನೂನು ಇಲ್ಲವಾ? ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಸಣ್ಣ ಉದ್ಯಮದಿಂದ ಕೊಂಡವರು 45 ದಿನ ಮೀರದಂತೆ ಹಣ ಕೊಡಬೇಕು ಅನ್ನುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ದೂರು ಕೊಡಲು ಸಮಾಧಾನ್ ಪೋರ್ಟಲ್ ಇದೆ. ಆದಾಯ ತೆರಿಗೆ ಕಾನೂನಿಗೂ ತಿದ್ದುಪಡಿ ಆಯಿತು. ಈಗ ಖಾಸಗಿ ಕಂಪನಿ ಸಣ್ಣವರಿಗೆ ಅವಧಿಯೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಕೊಟ್ಟ ವರ್ಷದವರೆಗೂ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಕಂಪನಿಯವರಿಗೆ ಇದು ತಟ್ಟುತ್ತದೆ. ಸರ್ಕಾರಿ ಕಚೇರಿಗೆ ಆದಾಯ ತೆರಿಗೆಯೇ ಇಲ್ಲವಲ್ಲ, ಅಲ್ಲಿಗೆ ಈ ಬಿಸಿ ಮುಟ್ಟುವುದಿಲ್ಲ.

ನೀವು ಬಡ್ಡಿ ಕೇಳಬಹುದಿತ್ತಲ್ಲ ಅಂತ ಯಾರಾದರೂ ಅನ್ನಬಹುದು. ನಾವು ಕೇಳಲಿಲ್ಲ. ಅರ್ಜಿಯನ್ನು ಬರೆದು ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ, ಹಾಗೇ ವಾಪಸ್ ತಂದೆ. ಬಡ್ಡಿ ಕೇಳಿದರೆ ಮುಂದಿನ ವರ್ಷದ ಆರ್ಡರ್ ಕೊಟ್ಟಾರು ಅನ್ನುವ ಧೈರ್ಯ ನಮಗೆ ಇರಲಿಲ್ಲ. ಹದಿನಾಲ್ಕು ಮನೆಯ ಒಲೆ ನನ್ನ ಅರ್ಜಿಯ ಮೇಲೆ ನಿಂತಿರುವಾಗ ಕಾನೂನಿನ ಪುಸ್ತಕ ತೆಗೆದು ಮಾತಾಡೋದು ಅಷ್ಟು ಸುಲಭ ಅಲ್ಲ. ದೂರು ಕೊಟ್ಟರೆ ಮಾತ್ರ ಸಿಗುವ ಹಕ್ಕು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅದು ಕೇಳದೇ ಸಿಗುವಂತಾಗಬೇಕು.

ನಮ್ಮ ರಾಜ್ಯದಲ್ಲಿ ಬಹಳ ವರ್ಷ ಬಾಳಿದ ಜನರ ಸಂಸ್ಥೆಗಳನ್ನೇ ತೆಗೆದುಕೊಳ್ಳಿ. ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಅಂತ ಇವತ್ತಿಗೂ ಎಲ್ಲರೂ ನೆನೆಯುತ್ತಾರೆ. ಆಗ ಬಿತ್ತನೆ ಹೊತ್ತಿಗೆ ರೈತನ ಕೈಯಲ್ಲಿ ರೊಕ್ಕ ಇರುತ್ತಿರಲಿಲ್ಲ, ಸಾಹುಕಾರನ ಬಾಗಿಲಿಗೆ ಹೋಗಬೇಕಿತ್ತು. ನೂರಿಪ್ಪತ್ತು ವರ್ಷದ ಮೇಲೆ, ಅದೇ ಜಿಲ್ಲೆಯಲ್ಲಿ, ಜೋಳ ಕೊಳ್ಳುವ ಹೊತ್ತಿಗೆ ನಮ್ಮ ಹೆಂಗಸರ ಕೈಯಲ್ಲಿ ರೊಕ್ಕ ಇರುವುದಿಲ್ಲ.

ನಂದಿನಿಯನ್ನು ನೋಡಿ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಾಲಿನ ಸಹಕಾರ ಸಂಘಗಳು ಹಳ್ಳಿ ಹಳ್ಳಿಯಲ್ಲಿ ಬಂದವು. ಆ ನೆರವು ಯಾವತ್ತೋ ಮುಗಿಯಿತು. ಸಂಘ ಮಾತ್ರ ಇದೆ. ಯಾಕೆ ಅಂತ ಯಾವುದಾದರೂ ಡೇರಿಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತದೆ. ಹಾಲು ಹಾಕಿದ ಕೂಡಲೇ ಫ್ಯಾಟ್ ಎಷ್ಟು ಅಂತ ಅಳೆಯುತ್ತಾರೆ, ಚೀಟಿ ಕೊಡುತ್ತಾರೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಗ್ಯಾರಂಟಿ. ಒಂದೇ ಎಮ್ಮೆ ಇರುವ ಮುದುಕಿಗೂ ಆ ದಿನ ಯಾವುದು ಅಂತ ಗೊತ್ತಿರುತ್ತದೆ. ಆ ದಿನವನ್ನು ನಂಬಿ ಹಿಂಡಿ ತರುತ್ತಾಳೆ, ಮೊಮ್ಮಗನಿಗೆ ಚಪ್ಪಲಿ ಕೊಡಿಸುತ್ತಾಳೆ. ಲೀಟರಿಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂತ ಬೇರೆಯವನು ಬಂದರೂ ಸುಲಭಕ್ಕೆ ಸಂಘ ಬಿಡುವುದಿಲ್ಲ. ಹಾಲು ಜಾಸ್ತಿಯಾಗಿ ಒಕ್ಕೂಟಕ್ಕೆ ಭಾರವಾಗುತ್ತಿದ್ದ ಕಾಲದಲ್ಲಿ, 2013ರ ಆಗಸ್ಟಿನಲ್ಲಿ, ಸರ್ಕಾರ ಕ್ಷೀರಭಾಗ್ಯ ಶುರು ಮಾಡಿತು. ಶಾಲೆ ಮಕ್ಕಳಿಗೆ ಹಾಲು ಸಿಕ್ಕಿತು, ಒಕ್ಕೂಟದ ಹಾಲಿನ ಪುಡಿಗೆ ದಾರಿಯೂ ಸಿಕ್ಕಿತು. ನನ್ನ ಕಣ್ಣಿಗೆ ಇದು ಸಹಾಯಧನಕ್ಕಿಂತ ದೊಡ್ಡದು. ನೀವು ಒಳ್ಳೆಯ ಗಿರಾಕಿ ಆದಿರಿ, ಅಷ್ಟೇ ಸಾಕಾಯಿತು.

ಇನ್ನು ಮಂಗಳೂರಿನ ಕ್ಯಾಂಪ್ಕೊ. ಅದರ ಕಥೆ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಅದನ್ನು ಕಟ್ಟಿದರು. ಆಮೇಲೆ ಕೋಕೋ ಬಂತು. ಬೆಳೆಯಿರಿ ಅಂತ ಕಂಪನಿಯವರು ಹುರಿದುಂಬಿಸಿದರು, ತೋಟದವರು ಬೆಳೆದರು. 1980ರ ಸುಮಾರಿಗೆ ಬೆಲೆ ಬಿದ್ದಾಗ ಕೊಳ್ಳುವವರೇ ಹಿಂದೆ ಸರಿದರು. ಹಣ್ಣು ಮರದಲ್ಲೇ ಕೊಳೆಯುವ ಹೊತ್ತಿಗೆ ಕ್ಯಾಂಪ್ಕೊ ಮುಂದೆ ಬಂದು ಕೋಕೋ ಕೊಂಡಿತು. ಕೊಂಡದ್ದನ್ನು ಏನು ಮಾಡೋದು? 1986ರಲ್ಲಿ ಪುತ್ತೂರಿನಲ್ಲಿ ತಾನೇ ಚಾಕೊಲೇಟ್ ಕಾರ್ಖಾನೆ ಹಾಕಿತು. ಅಡಿಕೆ ಸಂಘ ಚಾಕೊಲೇಟ್ ಮಾಡೋದು ಅಂದರೆ ಆಗ ಎಷ್ಟು ಜನ ತಲೆ ಅಲ್ಲಾಡಿಸಿರಬೇಕು ಅಲ್ವಾ? ಆದರೆ ಅವರ ಹತ್ತಿರ ಅಡಿಕೆ ವ್ಯಾಪಾರದ ಸ್ವಂತ ಬಲ ಇತ್ತು. ಸ್ವಂತ ಬಲ ಇದ್ದವರು ಕಷ್ಟಕಾಲದಲ್ಲಿ ಹೊಸ ದಾರಿ ಹಿಡಿಯಬಹುದು. ನಾಳೆಯ ಜೋಳಕ್ಕೇ ರೊಕ್ಕ ಇಲ್ಲದವರು ಇದ್ದದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಾರೆ.

ಆ ಸ್ವಂತ ಬಲದ ವಿಷಯಕ್ಕೇ ಬರುತ್ತೇನೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದಡಿ ತೋಡಿದ ಗುಂಡಿ, ಒಳಗೆ ಜೋಳ, ಮೇಲೆ ಕಲ್ಲು, ಮಣ್ಣು. ಸುಗ್ಗಿಯಲ್ಲಿ ತುಂಬಿಟ್ಟು ಬರಗಾಲದಲ್ಲಿ ತೆಗೆಯೋದು. ಹಿರಿಯರು ಹಾಗೆಯೇ ಬದುಕಿದರು. ಸಹಕಾರ ಸಂಘಗಳಿಗೂ ಕಾನೂನು ಅಂಥದ್ದೊಂದು ಹಗೇವು ಮಾಡಿಕೊಟ್ಟಿದೆ. ಲಾಭದಲ್ಲಿ ಕಡೇ ಪಕ್ಷ ನಾಲ್ಕರಲ್ಲಿ ಒಂದು ಪಾಲನ್ನು ಮೀಸಲು ನಿಧಿಗೆ ಹಾಕಲೇಬೇಕು. ಆದರೆ ಅನುದಾನದಿಂದ ನಡೆಯುವ ನಮ್ಮಂಥ ಕೇಂದ್ರಗಳಿಗೆ ನೀವು ಮಾಡಿದ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ಕೊಟ್ಟ ಹಣವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಉಳಿಸಿದರೆ ವಾಪಸ್ ಕಟ್ಟಬೇಕು, ಮೇಲಾಗಿ ಮುಂದಿನ ಸಲ ಕಡಿಮೆ ಕೊಡುತ್ತಾರೆ. ಜಾಣತನದಿಂದ ಉಳಿಸಿದವಳಿಗೆ ದಂಡ, ಹೇಗಾದರೂ ಖರ್ಚು ಮಾಡಿದವಳಿಗೆ ಶಹಬ್ಬಾಸ್‌ಗಿರಿ. ನಾನು ಒಂದು ವರ್ಷ ಪ್ಯಾಕಿಂಗ್ ಅನುದಾನದಲ್ಲಿ ಹನ್ನೆರಡು ಸಾವಿರ ಉಳಿಸಿದ್ದೆ. ಅದನ್ನು ಜೋಳಕ್ಕೆ ಬಳಸಲು ಬರಲಿಲ್ಲ, ಇನ್ನಷ್ಟು ಡಬ್ಬಿ ಕೊಂಡೆವು. ಆ ಡಬ್ಬಿಗಳಲ್ಲಿ ಕೆಲವು ಇನ್ನೂ ಅಟ್ಟದ ಮೇಲಿವೆ.

ಅಟ್ಟದ ಕೆಳಗೆ, ಒಳಕೋಣೆಯಲ್ಲಿ, ರೊಟ್ಟಿ ಮಾಡುವ ಯಂತ್ರವೂ ಇದೆ. ಯೋಜನೆಯೊಂದರಲ್ಲಿ ಬಂತು. ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದೆವು. ಆ ಕುಂಕುಮ ಹಾಗೇ ಇದೆ. ಯಂತ್ರಕ್ಕೆ ತ್ರೀಫೇಸ್ ಕರೆಂಟ್ ಬೇಕು, ನಮ್ಮ ಹೆಂಗಸರು ಕೆಲಸ ಮಾಡುವ ಹೊತ್ತಿಗೆ ಅದು ಸಿಗುವುದಿಲ್ಲ. ಮೇಲಾಗಿ ನಮ್ಮ ಗಿರಾಕಿಗಳು ಕೇಳೋದು ಕೈಯಲ್ಲಿ ಬಡಿದ ತೆಳು ರೊಟ್ಟಿ. ಯಂತ್ರ ಕಳಿಸುವ ಮುಂಚೆ ಯಾರಾದರೂ ಒಂದು ದಿನ ಬಂದು ಕೂತಿದ್ದರೆ ನಾವೇ ಹೇಳುತ್ತಿದ್ದೆವು. ನಮಗೆ ಆಗ ಬೇಕಾಗಿದ್ದದ್ದು ಹೊಗೆ ಹೋಗುವ ಒಂದು ಒಳ್ಳೆಯ ಚಿಮಣಿ, ಮತ್ತೆ ಪೇಟೆಗೆ ಹೋಗಿ ಆರ್ಡರ್ ಹಿಡಿಯುವ ಒಬ್ಬರಿಗೆ ತಿಂಗಳ ಸಂಬಳ. ಚಿಮಣಿಯನ್ನು ಆಮೇಲೆ ನಾವೇ ಹಾಕಿಸಿದೆವು. ಸಂಬಳಕ್ಕೆ ಮಾತ್ರ ಯಾವ ಯೋಜನೆಯಲ್ಲೂ ಜಾಗ ಸಿಗಲಿಲ್ಲ. ಕಟ್ಟಡಕ್ಕೆ ಹಣ ಇದೆ, ಯಂತ್ರಕ್ಕೆ ಇದೆ, ತರಬೇತಿಯ ಬ್ಯಾನರಿಗೂ ಇದೆ. ಪ್ರತಿದಿನ ಬಂದು ಲೆಕ್ಕ ನೋಡುವ, ಮಾರುವ, ಬಾಕಿ ವಸೂಲಿ ಮಾಡುವ ಮನುಷ್ಯರಿಗೆ ಮಾತ್ರ ಇಲ್ಲ. ಹೊಸ ಕೇಂದ್ರ ಎರಡನೇ ವರ್ಷಕ್ಕೆ ಮುಗ್ಗರಿಸೋದು ಬಹಳಷ್ಟು ಸಲ ಇಲ್ಲೇ.

ಒಬ್ಬನೇ ಗಿರಾಕಿಯನ್ನು, ಒಂದೇ ನಿಯಮವನ್ನು ನಂಬಿ ಬದುಕೋದು ಎಷ್ಟು ಅಪಾಯ ಅನ್ನೋದಕ್ಕೆ ನಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯೇ ಸಾಕ್ಷಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿತು. ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆಯ ರಾಷ್ಟ್ರಧ್ವಜ, ಗುಣಮಟ್ಟ ನೋಡುವ ಕೇಂದ್ರ ಸಂಸ್ಥೆ ಬಿಐಎಸ್‌ನ ಗುರುತಿನೊಂದಿಗೆ, ಅಲ್ಲಿಂದ ದೇಶಕ್ಕೆಲ್ಲ ಹೋಗುತ್ತದೆ. ನೂಲು ಸರಿ ಇರಬೇಕು, ಬಣ್ಣ ಸರಿ ಇರಬೇಕು, ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಮುಂದಿನ ಆಗಸ್ಟಿನಲ್ಲಿ ಮನೆ ಮನೆಯ ಮೇಲೂ ಧ್ವಜ ಹಾರಿತು. ಬೆಂಗೇರಿಗೆ ಸುಗ್ಗಿಯಾಗಬೇಕಿದ್ದ ಆ ವರ್ಷ ಅವರು ತಿದ್ದುಪಡಿ ವಾಪಸ್ ತೆಗೆದುಕೊಳ್ಳಿ ಅಂತ ಬೇಡಿಕೊಳ್ಳಬೇಕಾಯಿತು. ಅದು ಕೇಂದ್ರದ ತೀರ್ಮಾನ, ನಿಮ್ಮದಲ್ಲ, ಗೊತ್ತು. ಆದರೆ ನೀವು ದಿನವೂ ಮಾಡುವ ಆದೇಶಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಸುತ್ತೋಲೆಯ ಒಂದು ಸಾಲು ಬದಲಾದರೆ ಎಷ್ಟು ಒಲೆ ಆರುತ್ತವೆ ಅಂತ ಯಾರಾದರೂ ಮೊದಲೇ ಎಣಿಸಬೇಕು.

ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ನಿಮಗೆಲ್ಲ ಗೊತ್ತಿರುತ್ತದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ ಕೈಮಗ್ಗದ ಸಹಕಾರ ಸಂಘ. ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ, ದೇಸಿ ಅಂಗಡಿಗಳಲ್ಲಿ ಮಾರುತ್ತಾರೆ. ಒಳ್ಳೆಯ ಬಟ್ಟೆ, ಒಳ್ಳೆಯ ಹೆಸರು, ನಿಯತ್ತಿನ ಗಿರಾಕಿಗಳು, ಎಲ್ಲ ಇತ್ತು. 2020ರಲ್ಲಿ ಕೊರೊನಾ ಬಂದು ಅಂಗಡಿಗಳು ಬಾಗಿಲು ಹಾಕಿದವು, ಬಟ್ಟೆ ರಾಶಿ ಬಿತ್ತು. ಆ ವರ್ಷ ಚರಕ ತಾನು ಆರ್ಥಿಕವಾಗಿ ಕುಸಿದಿದ್ದೇನೆ ಅಂತ ಬಹಿರಂಗವಾಗಿ ಹೇಳಿಕೊಂಡಿತು. ಆ ಸುದ್ದಿ ಓದಿದ ದಿನ ನಮ್ಮ ಕೇಂದ್ರದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಷ್ಟು ಹೆಸರಿರುವ ಚರಕಕ್ಕೇ ಹೀಗಾದರೆ ನಮ್ಮ ಗತಿ ಏನು ಅನ್ನಿಸಿತ್ತು. ಗೋಡೌನಿನಲ್ಲಿ ಮಾಲು ತುಂಬಿರುತ್ತದೆ, ಮಾಲಿಗೆ ಬೆಲೆಯೂ ಇರುತ್ತದೆ. ಆದರೆ ಶನಿವಾರ ಕೂಲಿ ಕೊಡಲು ಕೈಯಲ್ಲಿ ರೊಕ್ಕ ಇರುವುದಿಲ್ಲ. ಸಂಸ್ಥೆ ಮುಳುಗೋದು ಆ ಶನಿವಾರದ ದಿನ.

ಹಾಗಾದರೆ ನಾನು ನಿಮ್ಮಿಂದ ಕೇಳೋದು ಏನು?

ಎಲ್ಲಕ್ಕಿಂತ ಮೊದಲು, ಬಿಲ್ಲಿಗೆ ಒಂದು ತಾರೀಕು ಕೊಡಿ. ಸಹಕಾರ ಸಂಘ, ಸ್ವಸಹಾಯ ಸಂಘ, ಹೆಂಗಸರ ಕೇಂದ್ರ, ಅಂಗವಿಕಲರ ಸಂಸ್ಥೆ, ಇಂಥವರ ಬಿಲ್ಲು ಬಂದ ದಿನ ಖಜಾನೆಯ ಕಂಪ್ಯೂಟರಿನಲ್ಲಿ ನಮೂದಾಗಲಿ. 45ನೇ ದಿನಕ್ಕೆ ಹಣ ಹೋಗದಿದ್ದರೆ 46ನೇ ದಿನದಿಂದ ಬಡ್ಡಿ ತಾನಾಗಿಯೇ ಸೇರಲಿ. ಯಾರೂ ಅರ್ಜಿ ಹಾಕುವ ಹಾಗೆ ಆಗಬಾರದು. ಯಾವ ಕಚೇರಿಯಲ್ಲಿ ಎಷ್ಟು ಬಿಲ್ಲು ಎಷ್ಟು ದಿನದಿಂದ ನಿಂತಿದೆ ಅಂತ ತಿಂಗಳಿಗೊಮ್ಮೆ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಓದಿ ಹೇಳಿ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಬಜೆಟ್ ಬೇಡ. ಕೊಡಲೇಬೇಕಾದ ಹಣವನ್ನು ಕೊಡಬೇಕಾದ ದಿನ ಕೊಡೋದು, ಅಷ್ಟೇ. ಮಾರ್ಚ್ ಎಂಡಿನಲ್ಲಿ ಅನುದಾನ ಮುಗಿದರೂ ಇಂಥ ಬಾಕಿಗೆ ಅಂತ ಒಂದು ಸಣ್ಣ ಸುತ್ತುನಿಧಿ ಜಿಲ್ಲೆಯಲ್ಲಿ ಇಟ್ಟರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬರಗಾಲ ತಪ್ಪುತ್ತದೆ.

ಆಮೇಲೆ, ಕೊಳ್ಳಿ. ವರ್ಷವಿಡೀ ಕೊಳ್ಳಿ. ರಾಜ್ಯೋತ್ಸವಕ್ಕೆ, ಮೇಳಕ್ಕೆ ಒಂದು ಮಳಿಗೆ ಕೊಟ್ಟರೆ ಮೂರು ದಿನ ಚೆನ್ನಾಗಿ ಮಾರುತ್ತೇವೆ, ಉಳಿದ 362 ದಿನ? ಹಾಸ್ಟೆಲ್ಲು, ಅಂಗನವಾಡಿ, ಆಸ್ಪತ್ರೆ, ಕಚೇರಿಯ ಕ್ಯಾಂಟೀನು, ಎಲ್ಲ ಕಡೆ ದಿನಾ ಊಟ ತಿಂಡಿ ಬೇಕು. ಆದರೆ ಟೆಂಡರ್ ಕರೆದಾಗ ಕಳೆದ ಮೂರು ವರ್ಷದ ವಹಿವಾಟು ಇಷ್ಟು ಇರಬೇಕು, ಮುಂಗಡ ಠೇವಣಿ ಇಷ್ಟು ಕಟ್ಟಬೇಕು ಅಂತ ಬರೆದಿರುತ್ತದೆ. ಆ ಸಾಲಿನಲ್ಲೇ ನಾವು ಹೊರಗೆ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಅಂತ 1999ರ ಕೆಟಿಪಿಪಿ ಕಾಯ್ದೆ ಬಂತು, ಅದು ಬೇಕೇ ಬೇಕು. ಅದೇ ಕಾಯ್ದೆಯ 4(ಜಿ) ಕಲಮಿನ ಅಡಿ ಸರ್ಕಾರ ಟೆಂಡರಿನಿಂದ ವಿನಾಯಿತಿಯನ್ನೂ ಕೊಡಬಹುದು. ದೊಡ್ಡ ದೊಡ್ಡ ಕಾಮಗಾರಿಗೆ ಆ ವಿನಾಯಿತಿ ಕೊಟ್ಟ ಸುದ್ದಿ ಪೇಪರಿನಲ್ಲಿ ಓದುತ್ತಿರುತ್ತೇವೆ. ಹಳ್ಳಿ ಹೆಂಗಸರ ರೊಟ್ಟಿಗೆ, ಮಗ್ಗದ ಬಟ್ಟೆಗೆ ಅದರಲ್ಲಿ ಒಂದು ಚಿಕ್ಕ ಬಾಗಿಲು ಮಾಡಿ. ಬೆಲೆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿ, ಗುಣಮಟ್ಟವನ್ನು ಕಟ್ಟುನಿಟ್ಟಾಗಿ ನೋಡಿ. ರೊಟ್ಟಿ ಕೆಟ್ಟಿದ್ದರೆ ವಾಪಸ್ ಕಳಿಸಿ. ಅದಕ್ಕೆ ನಾವು ಒಪ್ಪುತ್ತೇವೆ.

ಸಾಲದ ವಿಷಯಕ್ಕೆ ಬಂದರೆ, ಜೋಳ ಬೆಳೆಯುವ ರೈತರಿಗೆ ಸಹಕಾರ ಬ್ಯಾಂಕಿನಿಂದ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಅಂತ ನೀವು 2023ರಲ್ಲಿ ಹೇಳಿದಿರಿ. ರೈತರು ಅದನ್ನು ಸುಗ್ಗಿ ಆದ ಮೇಲೆ ತೀರಿಸುತ್ತಾರೆ. ಬೆಳೆಯ ಕಾಲ ನೋಡಿ ಮಾಡಿದ ಸಾಲ ಅದು. ಅದೇ ಜೋಳವನ್ನು ರೊಟ್ಟಿ ಮಾಡುವ ನಮಗೆ ಸಿಕ್ಕದ್ದು ತಿಂಗಳ ಕಂತಿನ ಸಾಲ. ಜೋಳ ಕೊಂಡ ಮರುತಿಂಗಳಿಂದಲೇ ಕಂತು ಶುರು. ರೊಟ್ಟಿ ಮಾರಿ ರೊಕ್ಕ ಬರೋದಕ್ಕೆ ಮುಂಚೆ ಕಟ್ಟಬೇಕು ಅಂದರೆ ಎಲ್ಲಿಂದ ಕಟ್ಟೋದು? ಸೋಲಾರ್ ದೀಪ ಮಾರುವ ಸೆಲ್ಕೊ 1995ರಿಂದ ನಮ್ಮ ರಾಜ್ಯದಲ್ಲಿ ಕೆಲಸ ಮಾಡುತ್ತಿದೆ. ಅದರ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟೋದು ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕಟ್ಟಬಲ್ಲರು ಅಂತ ಅವರು ಹೇಳುತ್ತಾ ಬಂದಿದ್ದಾರೆ. ಮೊತ್ತ ಒಂದೇ, ಆದರೆ ರೊಕ್ಕ ಕೈಗೆ ಬರುವ ದಿನವನ್ನು ನೋಡಿ ಕಂತು ಮಾಡಿದರೆ ಬಡವರೂ ಸಾಲ ತೀರಿಸುತ್ತಾರೆ. ಜಿಲ್ಲಾ ಸಹಕಾರ (ಡಿಸಿಸಿ) ಬ್ಯಾಂಕುಗಳಲ್ಲಿ ನಮಗೂ ಹಾಗೆ ಮಾಡಿ. ಶಿವರಾತ್ರಿಗೆ ಕೊಡಿ, ದಸರಾದಿಂದ ತೀರಿಸಿಕೊಳ್ಳಿ.

ಉಳಿಸಿದ ಹಣ ನಮ್ಮಲ್ಲೇ ಇರಲಿ ಅನ್ನುವ ನಿಯಮ ಮಾಡಿ. ಲೆಕ್ಕ ಕೇಳಿ, ಆಡಿಟ್ ಮಾಡಿಸಿ, ಆದರೆ ಮೀಸಲು ನಿಧಿಗೆ ಹಾಕಿದ್ದನ್ನು ವಾಪಸ್ ಕೇಳಬೇಡಿ. ಮೊದಲ ಐದು ವರ್ಷ ಒಬ್ಬ ಮಾರಾಟದವರಿಗೆ ಸಂಬಳ ಕೊಡಿ, ವರ್ಷ ವರ್ಷ ಅದನ್ನು ಕಡಿಮೆ ಮಾಡುತ್ತಾ ಹೋಗಿ. ನಾವು ಸುಮ್ನೆ ಕೈಚಾಚಿ ಕೂರುವವರಲ್ಲ.

ಇನ್ನೊಂದು ವಿಷಯ ದೆಹಲಿಗೆ ಸೇರಿದ್ದು, ಆದರೆ ನೀವು ನಮ್ಮ ಪರವಾಗಿ ಹೇಳಬಹುದು. ಸಾರ್ವಜನಿಕ ಉಪಯೋಗದ ಕೆಲಸ ಮಾಡುವ ಟ್ರಸ್ಟು ವ್ಯಾಪಾರದಿಂದ ಗಳಿಸೋದು ತನ್ನ ಒಟ್ಟು ಜಮೆಯ ನೂರಕ್ಕೆ 20 ಮೀರಿದರೆ ಆ ವರ್ಷ ಆದಾಯ ತೆರಿಗೆ ವಿನಾಯಿತಿ ಕಳೆದುಕೊಳ್ಳುತ್ತದೆ. ಅದೇ ಕೆಲಸಕ್ಕೆ ಕಂಪನಿ ಮಾಡಿಕೊಂಡರೆ ದಾನ, ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಬರೋದು ಕಷ್ಟ. ಸ್ವಂತ ಕಾಲ ಮೇಲೆ ನಿಲ್ಲಿ ಅಂತ ಒಂದು ಕಡೆ ಹೇಳಿ, ನಿಂತವರ ಕಾಲಿಗೇ ಅಡ್ಡ ಹಾಕಿದರೆ ಹೇಗೆ?

ಓದುತ್ತಿರುವ ಉಳಿದವರಿಗೂ ಒಂದು ಮಾತು ಇದೆ. ಬೆಂಗಳೂರಿನಿಂದ, ಪುಣೆಯಿಂದ, ದುಬೈನಿಂದ ನಮ್ಮ ರೊಟ್ಟಿ ತರಿಸುವವರಿದ್ದಾರೆ. ಕೆಲವರು ಫೋನ್ ಮಾಡಿ, ಅಜ್ಜಿ ಮಾಡಿದ ಹಾಗೇ ಇದೆ ಅಂತಾರೆ. ಆ ಫೋನು ಬಂದ ದಿನ ಅದನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸುತ್ತೇನೆ. ನಿಮ್ಮ ಹತ್ತಿರ ಒಂದೇ ಕೋರಿಕೆ. ಹಬ್ಬಕ್ಕೊಮ್ಮೆ ನೂರು ರೊಟ್ಟಿ ತರಿಸೋದಕ್ಕಿಂತ ತಿಂಗಳಿಗೆ ಇಪ್ಪತ್ತು ರೊಟ್ಟಿ ಅಂತ ಮೊದಲೇ ಹೇಳಿಬಿಡಿ. ಎಷ್ಟು ಜೋಳ ಬೇಕು ಅಂತ ನಮಗೆ ಮುಂಚೆ ಗೊತ್ತಾದರೆ, ಆ ರೊಟ್ಟಿಯ ಅರ್ಧ ಕೆಲಸ ಆದ ಹಾಗೆ.

ನಮ್ಮಿಂದಲೂ ತಪ್ಪಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹಾಸ್ಟೆಲ್ ಆರ್ಡರ್ ಬಂದ ಖುಷಿಯಲ್ಲಿ ಗದಗ ಪೇಟೆಯ ಎರಡು ಖಾನಾವಳಿಗಳಿಗೆ ರೊಟ್ಟಿ ಕೊಡೋದನ್ನು ನಿಲ್ಲಿಸಿಬಿಟ್ಟಿದ್ದೆವು. ಅವರು ವಾರಕ್ಕೊಮ್ಮೆ ನಗದು ಕೊಡುತ್ತಿದ್ದರು. ಮತ್ತೆ ಹೋಗಿ ಕೇಳಿದಾಗ ಒಬ್ಬರು ಒಪ್ಪಿದರು, ಇನ್ನೊಬ್ಬರು ಬೇರೆ ಕಡೆ ಗೊತ್ತು ಮಾಡಿಕೊಂಡಿದ್ದರು. ಈಗ ಯಾವುದೇ ಒಬ್ಬ ಗಿರಾಕಿಗೆ ಒಟ್ಟು ರೊಟ್ಟಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೊಡಬಾರದು ಅಂತ ಹೆಂಗಸರೇ ಕೂತು ಠರಾವು ಮಾಡಿದ್ದಾರೆ. ಆ ಠರಾವಿನ ಕೆಳಗೆ ಹದಿನಾಲ್ಕು ಸಹಿ ಇವೆ. ಅದರಲ್ಲಿ ಐದು ಹೆಬ್ಬೆಟ್ಟು.

ನೀವು ಯಾರಾದರೂ ಗದಗದ ಕಡೆ ಬಂದರೆ ನಮ್ಮ ಕೇಂದ್ರಕ್ಕೆ ಬನ್ನಿ. ಉದ್ಘಾಟನೆಗೆ ಬೇಡ, ಶನಿವಾರ ಸಂಜೆ ಬಟವಾಡೆ ಹೊತ್ತಿಗೆ ಬನ್ನಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಇರುತ್ತದೆ. ಪುಸ್ತಕ ತೆಗೆದು ತೋರಿಸುತ್ತೇನೆ.

ಈ ವರ್ಷ ಮತ್ತೆ ಒಂದು ಕಚೇರಿಗೆ ರೊಟ್ಟಿ ಕೊಟ್ಟಿದ್ದೇವೆ. ಎರಡು ಬಿಲ್ಲು ಬಾಕಿ ಇವೆ. ಶಿವರಾತ್ರಿಯೊಳಗೆ ಅವು ಪಾಸಾದರೆ ಐವತ್ತು ಕ್ವಿಂಟಲ್ ಬಿಳಿಜೋಳ ಕೊಂಡು ಒಳಕೋಣೆಯಲ್ಲಿ ಒಟ್ಟುತ್ತೇವೆ. ಯಂತ್ರವನ್ನು ಗೋಡೆಗೆ ಸರಿಸಿ ಜಾಗ ಮಾಡಿಟ್ಟಿದ್ದೇವೆ.

ಇತಿ ನಿಮ್ಮ,
ರೊಟ್ಟಿ ಕೇಂದ್ರವೊಂದರ ಲೆಕ್ಕ ಬರೆಯುವವಳು
ಗದಗ ಜಿಲ್ಲೆ